ನಾಲ್ಕನೆಯ ವಿಚಾರಣೆ

ಶಿರಗುಂದಿ ಜಿಲ್ಲಾ ನ್ಯಾಯಾಲಯದ ಮೊದಲ ಮಹಡಿಯಲ್ಲಿ ಒಂದು ಜ್ಯೂರಿ ಸಭಾಂಗಣವಿತ್ತು. ದೇಶ ಎಂದೋ ಕೈಬಿಟ್ಟಿದ್ದ ಜ್ಯೂರಿ ಪದ್ಧತಿಯನ್ನು ಏಳು ವರ್ಷಗಳ ಹಿಂದೆ ಮತ್ತೆ ತಂದಾಗ ಕಟ್ಟಿಸಿದ್ದು. ಆರೋಪಿಯ ತಪ್ಪಿದೆಯೋ ಇಲ್ಲವೋ ಎಂಬುದನ್ನು ಇನ್ನು ಮುಂದೆ ಊರಿನ ಹನ್ನೆರಡು ಮಂದಿ ಎದುರಿಗೆ ಕೂತು, ಕೇಳಿ, ಹೇಳಬೇಕು ಎಂದಿತ್ತು ಹೊಸ ಕಾನೂನು. ಉದ್ಘಾಟನೆಗೆ ಬಂದ ಮಂತ್ರಿಗಳು ಹನ್ನೆರಡು ಕುರ್ಚಿಗಳಲ್ಲಿ ಒಂದರ ಮೇಲೆ ಕೂತು ಫೋಟೊ ತೆಗೆಸಿಕೊಂಡಿದ್ದರು. ಅಂದಿನಿಂದ ಆ ನ್ಯಾಯಾಲಯಕ್ಕೆ ಬಂದ ಮೊಕದ್ದಮೆಗಳು ಮೂವತ್ತೆಂಟು ಸಾವಿರದ ಇನ್ನೂರ ಹನ್ನೆರಡು. ಅವುಗಳಲ್ಲಿ ಆ ಸಭಾಂಗಣದವರೆಗೆ ಹೋದವು ಮೂರು.

ಉಳಿದವೆಲ್ಲ ನೆಲಮಹಡಿಯ ಹನ್ನೊಂದನೆಯ ಕೋಣೆಯಲ್ಲೇ ಮುಗಿದವು. ಅಲ್ಲಿ ಯಂತ್ರವಿತ್ತು. ಸರ್ಕಾರಿ ಕಾಗದಗಳಲ್ಲಿ ಅದರ ಹೆಸರು 'ತೀರ್ಪು ಮುನ್ಸೂಚಕ'. ಜನ ಅದನ್ನು ತಕ್ಕಡಿ ಎನ್ನುತ್ತಿದ್ದರು. ಜಿಲ್ಲೆಯ ಮತದಾರರ ಪಟ್ಟಿಯಿಂದ ಹನ್ನೆರಡು ಹೆಸರುಗಳನ್ನು ಅದು ಎತ್ತಿಕೊಳ್ಳುತ್ತಿತ್ತು. ಆ ಹನ್ನೆರಡು ಮಂದಿಯ ವಯಸ್ಸು, ಕಸುಬು, ಓದು, ಫೋನಿನಲ್ಲಿ ಏನು ನೋಡುತ್ತಾರೆ, ಯಾವುದಕ್ಕೆ ಸಿಟ್ಟಾಗುತ್ತಾರೆ ಎಂಬುದೆಲ್ಲ ಅದಕ್ಕೆ ಗೊತ್ತಿತ್ತು. ಪೊಲೀಸರ ಕಡತವನ್ನು ಅವರ ಮುಂದಿಟ್ಟರೆ ಅವರು ಏನು ಹೇಳಿಯಾರು ಎಂದು ಲೆಕ್ಕ ಹಾಕುತ್ತಿತ್ತು. ಮತ್ತೆ ಬೇರೆ ಹನ್ನೆರಡು ಮಂದಿ. ಹೀಗೆ ಹತ್ತು ಸಾವಿರ ವಿಚಾರಣೆಗಳು ಒಂದೂವರೆ ನಿಮಿಷದಲ್ಲಿ ಮುಗಿದು ಪರದೆಯ ಮೇಲೆ ಒಂದು ಅಂಕಿ ಬರುತ್ತಿತ್ತು: ನೂರಕ್ಕೆ ಎಷ್ಟು ಸಲ ಶಿಕ್ಷೆ.

ಅಂಕಿಯ ಜೊತೆಗೆ ಒಂದು ರಾಜಿಪತ್ರವೂ ಬರುತ್ತಿತ್ತು. ತಪ್ಪೊಪ್ಪಿ ಸಹಿ ಮಾಡಿದರೆ ಸಣ್ಣ ಶಿಕ್ಷೆ. ಜ್ಯೂರಿಯ ಮುಂದೆ ಹೋಗಿ ಸೋತರೆ ಪೂರ್ತಿ ಶಿಕ್ಷೆ. ಜನ ಸಹಿ ಮಾಡುತ್ತಿದ್ದರು.

ಅಂಕಿಯನ್ನು ಆರೋಪಿಗೆ ಓದಿ ಹೇಳುವ ಕೆಲಸ ಪ್ರಫುಲ್ಲಾ ಬೆಟಗೇರಿಯದು. ವಯಸ್ಸು ನಲವತ್ಮೂರು, ಸಂಖ್ಯಾಶಾಸ್ತ್ರ ಓದಿದವಳು. ಯಂತ್ರವನ್ನು ಸಾಕಿ ಸಲಹುವುದು, ವರ್ಷಕ್ಕೊಮ್ಮೆ ಅದಕ್ಕೆ ಹೊಸ ತೀರ್ಪುಗಳನ್ನು ಕಲಿಸುವುದು ಅವಳ ಹೊಣೆ. ಶುರುವಿನಲ್ಲಿ ಅಂಕಿ ಓದುವ ಮೊದಲು ಆರೋಪಿಯ ಮುಖ ನೋಡುತ್ತಿದ್ದಳು. ಈಗ ಬಸ್ಸಿನ ಕಂಡಕ್ಟರ್ ಊರಿನ ಹೆಸರು ಕೂಗುವಂತೆ ಓದಿಬಿಡುತ್ತಿದ್ದಳು.

ಆ ಮಾರ್ಚ್ ತಿಂಗಳಲ್ಲಿ ಈರಬಸಪ್ಪ ಸುಣಗಾರ ಅವಳ ಎದುರಿಗೆ ಬಂದು ಕೂತ. ಊರಿನ ನೀರು ಶುದ್ಧೀಕರಣ ಘಟಕದಲ್ಲಿ ಹತ್ತೊಂಬತ್ತು ವರ್ಷ ಪಂಪ್ ನಡೆಸಿದವನು. ಜನವರಿಯಲ್ಲಿ ಒಂದು ದಿನ ಬೆಳಿಗ್ಗೆ ಆರೂವರೆಗೆ ಕ್ಲೋರಿನ್ ಸಿಲಿಂಡರಿನ ವಾಲ್ವ್ ಒಡೆದು, ವಿಷಗಾಳಿ ಪಕ್ಕದ ಓಣಿಗೆ ನುಗ್ಗಿ ನಾಲ್ವರು ಸತ್ತಿದ್ದರು. ಆಗ ಪಾಳಿಯಲ್ಲಿದ್ದವನು ಇವನೊಬ್ಬನೇ. ಗೇಟಿನ ಕ್ಯಾಮೆರಾದಲ್ಲಿ ಇವನು ಘಟಕದಿಂದ ಹೊರಗೆ ಓಡುತ್ತಿರುವುದು ಸ್ಪಷ್ಟವಾಗಿ ಕಾಣುತ್ತಿತ್ತು. ಕೆಲಸ ಬಿಟ್ಟು ಓಡಿಹೋಗಿ ನಾಲ್ವರ ಸಾವಿಗೆ ಕಾರಣನಾದ ಎಂದು ಮೊಕದ್ದಮೆ.

"ಎಂಬತ್ತೇಳು," ಎಂದಳು ಪ್ರಫುಲ್ಲಾ. "ಸಹಿ ಮಾಡಿದ್ರ ಹದಿನಾರು ತಿಂಗಳು. ಜ್ಯೂರಿ ಮುಂದ ಹೋಗಿ ಸೋತ್ರ ಒಂಬತ್ತು ವರ್ಷ. ಹದಿನೈದು ದಿನದೊಳಗ ಹೇಳಬೇಕು."

ಪಕ್ಕದಲ್ಲಿದ್ದ ಸರ್ಕಾರಿ ವಕೀಲ ಆಗಲೇ ಮುಂದಿನ ಕಡತ ತೆರೆದಿದ್ದ. ಈರಬಸಪ್ಪ ಪರದೆ ನೋಡಿದ.

"ಯಾರ್ರೀ ಹಂಗ ಹೇಳಿದವ್ರು?"

"ಹನ್ನೆರಡು ಮಂದಿ. ಹತ್ತು ಸಾವಿರ ಸಲ ಕೇಳ್ಯಾರ."

"ಏನ ಕೇಳ್ಯಾರ?"

"ನಿಮ್ಮ ಕೇಸು."

"ನಾ ಇನ್ನೂ ಒಂದ್ ಸಲಾನೂ ಹೇಳಿಲ್ಲಲ್ರೀ," ಎಂದ ಅವನು. ಜಗಳದ ದನಿಯಿರಲಿಲ್ಲ. ಸುಮ್ಮನೆ ಅರ್ಥವಾಗದೆ ಕೇಳಿದ್ದ.

ಪ್ರಫುಲ್ಲಾ ಕೈಸನ್ನೆ ಮಾಡಿ ಅವನನ್ನು ಕಳಿಸಿದಳು. ಆದರೆ ಆ ಮಾತು ಅವನ ಜೊತೆ ಹೊರಗೆ ಹೋಗಲಿಲ್ಲ.

ಅದೇ ವಾರ ವಾರ್ಷಿಕ ವರದಿ ಸಿದ್ಧವಾಗಬೇಕಿತ್ತು. ಯಂತ್ರದ ನಿಖರತೆ ಎಂಬ ಜಾಗದಲ್ಲಿ ಪ್ರತಿವರ್ಷ ತೊಂಬತ್ತೊಂಬತ್ತರ ಮೇಲೆ ಒಂದು ಅಂಕಿ ತಾನಾಗಿ ಬಂದು ಕೂರುತ್ತಿತ್ತು. ಅದು ಎಲ್ಲಿಂದ ಬರುತ್ತದೆಂದು ಅವಳು ಏಳು ವರ್ಷ ಕೇಳಿರಲಿಲ್ಲ. ಈ ಸಲ ಕಡತ ತೆರೆದು ನೋಡಿದಳು. ಯಂತ್ರ ಎಂಬತ್ತು ಎಂದಾಗ ಆರೋಪಿ ಹೆದರಿ ರಾಜಿಪತ್ರಕ್ಕೆ ಸಹಿ ಹಾಕಿದರೆ, ಯಂತ್ರದ ಮಾತು ನಿಜವಾಯಿತು ಎಂದು ಲೆಕ್ಕ. ಆ ಸಹಿಯೇ ಮರುವರ್ಷ 'ಅಪರಾಧಿ' ಎಂಬ ತೀರ್ಪಾಗಿ ಯಂತ್ರದ ಪಾಠದಲ್ಲಿ ಸೇರುತ್ತಿತ್ತು. ಅದರಿಂದ ಕಲಿತ ಯಂತ್ರ ಮುಂದಿನವನಿಗೆ ಇನ್ನೂ ದೊಡ್ಡ ಅಂಕಿ ತೋರಿಸುತ್ತಿತ್ತು. ಅವನು ಇನ್ನೂ ಬೇಗ ಹೆದರುತ್ತಿದ್ದ.

ನಿಜವಾದ ಮೂರು ಜ್ಯೂರಿಗಳ ತೀರ್ಪು ಹುಡುಕಿದಳು. ಮೂರರಲ್ಲೂ ಯಂತ್ರ ಎಪ್ಪತ್ತೈದರ ಮೇಲೆ ಹೇಳಿತ್ತು. ಜ್ಯೂರಿ ಇಬ್ಬರನ್ನು ಬಿಟ್ಟಿತ್ತು. ಆ ಮೂರನ್ನೂ 'ಅಪವಾದ' ಎಂದು ಬರೆದು ಮೇಲಿನ ಕಚೇರಿಯಲ್ಲೇ ಯಾರೋ ಪಾಠದಿಂದ ತೆಗೆದುಹಾಕಿದ್ದರು.

ಕೊನೆಗೆ ಮೊದಲ ವರ್ಷದ ಒಂದು ಹಳೆಯ ಮೊಕದ್ದಮೆ ತೆಗೆದಳು. ಬಟ್ಟೆ ಅಂಗಡಿಯ ಕೆಲಸದ ಹೆಂಗಸಿನ ಮೇಲೆ ಕಳವಿನ ಆರೋಪ. ಆಗ ಯಂತ್ರ ನಲವತ್ನಾಲ್ಕು ಅಂದಿತ್ತು. ಅದೇ ಕಡತವನ್ನು ಒಂದಕ್ಷರವೂ ಬದಲಿಸದೆ ಇವತ್ತಿನ ಯಂತ್ರಕ್ಕೆ ಕೊಟ್ಟಳು. ಎಂಬತ್ತೊಂದು ಬಂತು.

ನಿರ್ದೇಶಕ ನಾಗಭೂಷಣ ಅವರ ಕೋಣೆಗೆ ಕಾಗದಗಳನ್ನು ಒಯ್ದಳು. ಬೆಂಗಳೂರಿನಿಂದ ವರ್ಗವಾಗಿ ಬಂದಿದ್ದ, ಮಾತಿನಲ್ಲಿ ಎಂದೂ ದನಿಯೇರಿಸದ ಮನುಷ್ಯ. ಎಲ್ಲವನ್ನೂ ಓದಿದರು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ನನಗೆ ಮೂರು ವರ್ಷದಿಂದ ಗೊತ್ತು," ಎಂದರು.

"ಗೊತ್ತಿದ್ದೂ ಸುಮ್ಮನಿದ್ರೇನ್ರಿ ಸರ್?"

"ಇದನ್ನು ಹೊರಗೆ ಹೇಳಿದರೆ ಎಲ್ಲರೂ ಜ್ಯೂರಿ ಬೇಕು ಅಂತಾರೆ. ನಮ್ಮ ಹತ್ತಿರ ಇರೋದು ಒಂದು ಸಭಾಂಗಣ. ಒಂದು ವಿಚಾರಣೆಗೆ ಹನ್ನೊಂದು ದಿನ ಬೇಕು. ಮೂವತ್ತೆಂಟು ಸಾವಿರ ಕೇಸಿಗೆ ಎಷ್ಟು ವರ್ಷ ಆಗುತ್ತೆ, ಲೆಕ್ಕ ಹಾಕಿ ನೋಡಿ. ನಾನು ಹಾಕಿದ್ದೀನಿ. ರಜೆ ಬಿಟ್ಟು ಕೋರ್ಟು ನಡೆಯೋ ದಿನ ಮಾತ್ರ ಹಿಡಿದರೆ ಸಾವಿರದ ಒಂಬೈನೂರು ವರ್ಷ. ತಕ್ಕಡಿ ನಿಜ ಹೇಳಲಿ ಅಂತ ಯಾರೂ ಇಟ್ಟಿಲ್ಲಮ್ಮ. ಸಾಲು ಕರಗಿದರೆ ಸಾಕು ಅವರಿಗೆ."

ಅವರು ಕಾಗದಗಳನ್ನು ಜೋಡಿಸಿ ಅವಳಿಗೇ ವಾಪಸ್ ಕೊಟ್ಟರು. ಬೆದರಿಸಲೂ ಇಲ್ಲ. ಅದೇ ಅವಳಿಗೆ ಹೆಚ್ಚು ಭಯ ತಂದಿತು.

ಮನೆಯಲ್ಲಿ ಅವಳ ಗಂಡ ಮಧುಕರ ರೊಟ್ಟಿ ತಟ್ಟುತ್ತಿದ್ದ. ಹೈಸ್ಕೂಲಿನಲ್ಲಿ ಗಣಿತದ ಮಾಸ್ತರ. ಸಂಜೆಯ ಅಡುಗೆ ಅವನದೇ. ಅವಳು ಹಂಚಿನ ಪಕ್ಕ ನಿಂತು ಎಲ್ಲ ಹೇಳಿದಳು. ಈರಬಸಪ್ಪನ ವಿಷಯವನ್ನೂ ಹೇಳಿದಳು.

"ಅವನ ಮನಿಗೆ ಹೋಗಿ ಹೇಳಬೇಕಂತ ಮಾಡೀನಿ. ಖರೇ ಜ್ಯೂರಿ ಮೂರರಾಗ ಇಬ್ಬರನ್ನ ಬಿಟ್ಟದ."

ಮಧುಕರ ರೊಟ್ಟಿ ತಿರುವಿ ಹಾಕಿ, ಬಟ್ಟೆಯಿಂದ ಒತ್ತಿದ. "ಮೂರು ಅನ್ನೂದು ಸಂಖ್ಯೆನ ಅಲ್ಲ, ಪ್ರಫುಲ್ಲಾ. ನಿನಗ ನಾ ಹೇಳಬೇಕೇನು? ಮೂರು ಸಲ ನಾಣ್ಯ ಚಿಮ್ಮಿ, ಎರಡು ಸಲ ರಾಜ ಬಿತ್ತಂತ ಯಾರದರ ಜೀವಾ ಪಣಕ್ಕ ಇಡ್ತಾರೇನು?"

"ಹಂಗಾರ ಯಂತ್ರ ಹೇಳೂದು ಸುಳ್ಳು ಅಂತ ಗೊತ್ತಿದ್ದೂ ಸುಮ್ಮನ ಇರಲ್ಯಾ?"

"ಯಂತ್ರ ಸುಳ್ಳು ಅಂತ ಗೊತ್ತಾತು. ಖರೇ ಏನು ಅಂತ ಗೊತ್ತಾಗಿಲ್ಲ."

ಅವಳಿಗೆ ಸಿಟ್ಟು ಬಂತು. ಅವನ ಮಾತು ಸರಿಯಿದ್ದುದರಿಂದ ಬಂದ ಸಿಟ್ಟು.

ಭಾನುವಾರ ಬೆಳಿಗ್ಗೆ ಅವಳು ಈರಬಸಪ್ಪನ ಮನೆಗೆ ಹೋದಳು. ಜಾಮೀನಿನ ಮೇಲೆ ಮನೆಯಲ್ಲೇ ಇದ್ದ. ಹೆಂಡತಿ ಶೇಖವ್ವ ಚಹಾ ಮಾಡಿ ಕೊಟ್ಟಳು. ಮಗಳು ಚಂಪಾ ಹತ್ತನೆಯ ತರಗತಿಯ ಪರೀಕ್ಷೆಗೆ ಓದುತ್ತ ಒಳಕೋಣೆಯಲ್ಲಿದ್ದಳು, ಬಾಗಿಲು ಸ್ವಲ್ಪ ತೆರೆದಿತ್ತು.

"ಅವತ್ತ ಏನಾತು, ನನಗ ಹೇಳ್ರಿ," ಎಂದಳು ಪ್ರಫುಲ್ಲಾ.

ಈರಬಸಪ್ಪ ನಿಧಾನವಾಗಿ ಹೇಳಿದ. ವಾಲ್ವ್ ತುಕ್ಕು ಹಿಡಿದಿದೆ ಎಂದು ಮೂರು ಸಲ ಬರೆದುಕೊಟ್ಟಿದ್ದ. ಯಾರೂ ಬದಲಿಸಲಿಲ್ಲ. ಅವತ್ತು ಅದು ಸೀಳಿದಾಗ ಮೊದಲು ಸೈರನ್ ಗುಂಡಿ ಒತ್ತಿದ. "ಒದರಲಿಲ್ಲರೀ. ಬ್ಯಾಟರಿ ತಗದು ಆರು ತಿಂಗಳಾಗಿತ್ತಂತ. ಒಳಗ ಹೋಗಿ ಬಂದ್ ಮಾಡೋಣಂದ್ರ ಮುಖಕ್ಕ ಹಾಕ್ಕೊಳ್ಳೂದು ಇರಲಿಲ್ಲ. ಗಾಳಿ ಓಣಿ ಕಡೆ ಬೀಸಾಕತ್ತಿತ್ತು. ಮಂದಿ ಆಗಿನ್ನೂ ಒಲಿ ಹಚ್ಚಾಕತ್ತಿದ್ರು. ಅದಕ್ಕ ಓಣಿಗೆ ಓಡಿದೆ. ಬಾಗಲಾ ಬಾಗಲಾ ಬಡದೆ. ಏಳ್ರಿ, ಗುಡ್ಡದ ಕಡೆ ಓಡ್ರಿ ಅಂತ ಒದರಿದೆ. ಕಡೀಕಿನ ಎರಡು ಮನಿ ಮುಟ್ಟೂದ್ರೊಳಗ ನನಗ ಕಣ್ಣ ಕಾಣದಂಗಾತು."

ಸತ್ತ ನಾಲ್ವರೂ ಆ ಎರಡು ಮನೆಯವರು.

ಓಡುವ ಮನುಷ್ಯನ ಚಿತ್ರ ಯಂತ್ರಕ್ಕೆ ಸಿಕ್ಕಿತ್ತು. ಎಲ್ಲಿಗೆ ಓಡಿದ ಎಂಬುದು ಕಡತದ ಮೂಲೆಯಲ್ಲಿ ಒಂದು ಸಾಲಾಗಿ ಬಿದ್ದಿತ್ತು.

ಪ್ರಫುಲ್ಲಾ ತನಗೆ ಗೊತ್ತಿದ್ದುದನ್ನೆಲ್ಲ ಹೇಳಿದಳು. ಎಂಬತ್ತೇಳು ಎಂಬುದು ಜನರ ಮಾತಲ್ಲ, ಹೆದರಿದವರ ಸಹಿಗಳಿಂದ ಹುಟ್ಟಿದ್ದು ಎಂದಳು. ಮೂರು ನಿಜವಾದ ವಿಚಾರಣೆಗಳಲ್ಲಿ ಇಬ್ಬರು ಬಿಡುಗಡೆಯಾದದ್ದನ್ನು ಹೇಳಿದಳು. ಈರಬಸಪ್ಪನ ಬೆನ್ನು ಕೊಂಚ ನೆಟ್ಟಗಾಯಿತು.

ಶೇಖವ್ವ ಕೇಳಿದಳು: "ಹದಿನಾರು ತಿಂಗಳಂದ್ರ ಇಕಿ ಪಿಯುಸಿ ಮುಗಸೂದ್ರೊಳಗ ಮನಿಗೆ ಬರ್ತಾರ. ಒಂಬತ್ತು ವರ್ಷ ಅಂದ್ರ ನಾವೆಲ್ಲಿರ್ತೀವೋ. ನೀವು ಖಾತ್ರಿ ಹೇಳ್ತೀರೇನ್ರಿ ಅಕ್ಕಾರ?"

ಪ್ರಫುಲ್ಲಾ ಚಹಾದ ಲೋಟ ಕೆಳಗಿಟ್ಟಳು. "ಮಂದಿ ಇವರ ಮಾತು ಕೇಳಿದ್ರ ಬಿಡ್ತಾರ ಅಂತ ನನಗ ಅನಸ್ತದ."

ಅದು ಖಾತ್ರಿಯಲ್ಲ ಎಂದು ಅವಳಿಗೆ ಗೊತ್ತಿತ್ತು. ಶೇಖವ್ವನಿಗೂ ಗೊತ್ತಾಯಿತು. ಆದರೆ ಈರಬಸಪ್ಪ ಹೆಂಡತಿಯ ಕಡೆ ತಿರುಗಿ, "ಸಹಿ ಮಾಡಿದ್ರ ಆ ನಾಲ್ಕು ಮಂದೀನ ನಾನ ಕೊಂದಂಗ ಆಕ್ಕೈತಿ, ಶೇಖಾ. ಓಣ್ಯಾಗ ಹ್ಯಾಂಗ ತಿರಗಾಡ್ಲಿ?" ಎಂದ. ಅವಳು ಸೆರಗಿನಿಂದ ಮುಖ ಒರೆಸಿಕೊಂಡು ಒಳಗೆ ಹೋದಳು.

ವಿಚಾರಣೆ ಜೂನ್ ಎರಡನೆಯ ವಾರ ಶುರುವಾಯಿತು. ಸಭಾಂಗಣದ ದೂಳು ಒರೆಸಲು ಎರಡು ದಿನ ಹಿಡಿಯಿತು. ಮೈಕು ಕೆಲಸ ಮಾಡಲಿಲ್ಲ. ಜ್ಯೂರಿಗೆ ಬಂದ ಹನ್ನೆರಡು ಮಂದಿಯಲ್ಲಿ ಒಬ್ಬ ನಿವೃತ್ತ ಮಾಸ್ತರ, ಒಬ್ಬಳು ಬಟ್ಟೆ ಹೊಲಿಯುವವಳು, ಖಾನಾವಳಿಯ ಯಜಮಾನ, ಟಂಟಂ ಆಟೊ ಓಡಿಸುವವನು, ಹೀಗೆ. ಎದ್ದು ನಿಲ್ಲುವುದು ಯಾವಾಗ, ಕೂರುವುದು ಯಾವಾಗ ಎಂದು ಯಾರಿಗೂ ಗೊತ್ತಿರಲಿಲ್ಲ. ನ್ಯಾಯಾಧೀಶರೂ ಪುಸ್ತಕ ನೋಡಿ ನೋಡಿ ನಡೆಸುತ್ತಿದ್ದರು. ಯಂತ್ರದ ಅಂಕಿಯನ್ನು ಜ್ಯೂರಿಗೆ ತಿಳಿಸಬಾರದು ಎಂಬ ನಿಯಮವಿತ್ತು. ಆದರೆ ಏಳು ವರ್ಷಗಳಲ್ಲಿ ನಾಲ್ಕನೆಯ ವಿಚಾರಣೆ ಎಂದು ಊರಿನ ಸುದ್ದಿ ವಾಹಿನಿಗಳು ಎರಡು ವಾರದಿಂದ ಆ ಅಂಕಿಯನ್ನೇ ಹೇಳುತ್ತಿದ್ದವು. ಎಂಬತ್ತೇಳು ಎಂಬುದು ಶಿರಗುಂದಿಯ ಮಕ್ಕಳ ಬಾಯಲ್ಲೂ ಇತ್ತು.

ಪ್ರಫುಲ್ಲಾ ರಜೆ ಹಾಕಿ ಹಿಂದಿನ ಬೆಂಚಿನಲ್ಲಿ ದಿನವೂ ಕೂತಳು. ಓಡುವ ಚಿತ್ರವನ್ನು ಮತ್ತೆ ಮತ್ತೆ ತೋರಿಸಿದರು. ಆರನೆಯ ದಿನ ಓಣಿಯ ಇಬ್ಬರು ಹೆಂಗಸರು ಬಂದು, ಈರಬಸಪ್ಪ ತಮ್ಮ ಬಾಗಿಲು ಬಡಿದದ್ದನ್ನು ಹೇಳಿದರು. ಒಬ್ಬಳು, "ಅಂವ ಬರಲಿಲ್ಲಂದ್ರ ನನ್ನ ಕೂಸು ಇರ್ತಿರಲಿಲ್ರಿ" ಎಂದು ಅತ್ತಳು. ಏಳನೆಯ ದಿನ ಈರಬಸಪ್ಪನೇ ನಿಂತ. ಮೈಕಿಲ್ಲದ್ದರಿಂದ ಸಭಾಂಗಣ ಪೂರ್ತಿ ಸುಮ್ಮನಾಗಿ ಕೇಳಬೇಕಾಯಿತು. ಕೊನೆಯ ಎರಡು ಮನೆಗಳ ಮಾತು ಬಂದಾಗ ಅವನ ದನಿ ನಿಂತುಹೋಯಿತು. ಖಾನಾವಳಿಯ ಯಜಮಾನ ಮೂಗು ಒರೆಸಿಕೊಂಡ. ಹೊಲಿಯುವ ಹೆಂಗಸು ಬಾಯಿಗೆ ಸೆರಗು ಹಿಡಿದಿದ್ದಳು. ಪ್ರಫುಲ್ಲಾಳ ಎದೆಯಲ್ಲಿ ಬಹಳ ವರ್ಷಗಳ ಮೇಲೆ ಏನೋ ಹಗುರಾಯಿತು. ಆ ಸಂಜೆ ಮಧುಕರನಿಗೆ, "ಬಿಡ್ತಾರ, ನೋಡು" ಎಂದಳು. ಅವನು ಅವಳ ಕೈ ಹಿಡಿದುಕೊಂಡ.

ಹನ್ನೊಂದನೆಯ ದಿನ ಜ್ಯೂರಿ ಒಳಕೋಣೆಗೆ ಹೋಯಿತು. ನಲವತ್ತು ನಿಮಿಷದಲ್ಲಿ ಹೊರಬಂತು. ನಿವೃತ್ತ ಮಾಸ್ತರ ಎದ್ದು ಚೀಟಿ ಓದಿದರು. ಹನ್ನೆರಡು ಮಂದಿಯೂ ಒಂದೇ ಮಾತು: ಅಪರಾಧಿ.

ಶೇಖವ್ವ ಕೂಗಲಿಲ್ಲ. ಚಂಪಾ ಮಾತ್ರ, "ಅಪ್ಪಾ" ಎಂದು ಒಂದು ಸಲ ಕರೆದಳು. ಈರಬಸಪ್ಪ ಜ್ಯೂರಿಯ ಹನ್ನೆರಡು ಮುಖಗಳನ್ನು ಒಂದೊಂದಾಗಿ ನೋಡುತ್ತ ನಿಂತಿದ್ದ. ಪೊಲೀಸರು ಭುಜ ಮುಟ್ಟಿದ ಮೇಲೆ ಹೊರಟ.

ಪ್ರಫುಲ್ಲಾ ಬಸ್ ನಿಲ್ದಾಣದವರೆಗೆ ಆ ಹೊಲಿಯುವ ಹೆಂಗಸಿನ ಹಿಂದೆ ನಡೆದಳು. ಅವಳ ಹೆಸರು ಕಸ್ತೂರಿ ಹೆಬ್ಬಳ್ಳಿ. ಕಲ್ಲುಬೆಂಚಿನ ಮೇಲೆ ಪಕ್ಕದಲ್ಲಿ ಕೂತು, ತಾನು ತಕ್ಕಡಿಯ ಕೋಣೆಯಲ್ಲಿ ಕೆಲಸ ಮಾಡುವವಳು ಎಂದು ಹೇಳಿ, ಕೇಳಿದಳು: "ಯಾಕ್ರೀ? ಅವನ ಮಾತು ಸುಳ್ಳು ಅನಸ್ತೇನು?"

ಕಸ್ತೂರಿ ಮೊದಲು ತಲೆಯೆತ್ತಲಿಲ್ಲ. "ಸುಳ್ಳು ಅನಸಲಿಲ್ರಿ. ಒಳಗ ಹೋದಾಗ ಏಳು ಮಂದಿ ಬಿಡೋಣ ಅಂದ್ವಿ. ನಾನೂ ಅಂದ್ನಿ."

"ಮತ್ತ?"

"ಮಾಸ್ತರ ಅಂದ್ರು, 'ತಕ್ಕಡ್ಯಾಗ ಇರಾವ್ರು ಬ್ಯಾರೆ ಯಾರೂ ಅಲ್ಲ, ನಾವ. ಹತ್ತು ಸಾವಿರ ಸಲ ಕೂತು ಕೇಳೀವಿ. ನೂರಕ್ಕ ಎಂಬತ್ತೇಳು ಸಲ ತಪ್ಪೈತಿ ಅಂದೀವಿ. ಇವತ್ತ ಒಂದಿನ ಅಳು ಬಂತಂತ ತಿರಗಾ ಮುರಗಾ ಹೇಳಿದ್ರ ಹ್ಯಾಂಗ?' ಅಂತ. ನಾ ವಿಚಾರ ಮಾಡಿದ್ನಿ. ನಾ ಏಳನೇತ್ತ ಕಲತಾಕಿ. ನನ್ನ ಮನಸಿನ್ಯಾಗ ಏನೈತಿ ಅಂತ ಅದಕ್ಕ ಮೊದಲ ಗೊತ್ತೈತಿ ಅಂದಮ್ಯಾಲೆ, ನನಗ ಇವತ್ತ ಅನಸಿದ್ದು ತಪ್ಪಿರಬೇಕು ಅನಸ್ತು." ಆಮೇಲೆ ಅವಳೇ ಕೇಳಿದಳು: "ತಪ್ಪಿತ್ತಲ್ಲರೀ ನನಗ ಅನಸಿದ್ದು? ನೀವು ಅಲ್ಲೇ ಕೆಲಸಾ ಮಾಡಾವ್ರಲ್ಲ. ಹೇಳ್ರಿ."

ಬಸ್ಸು ಬಂತು. ಕಸ್ತೂರಿ ಕಿಟಕಿಯಿಂದ ಪ್ರಫುಲ್ಲಾಳನ್ನೇ ನೋಡುತ್ತ ಹೋದಳು.

ಮರುದಿನ ಹನ್ನೊಂದನೆಯ ಕೋಣೆಯಲ್ಲಿ ತೀರ್ಪನ್ನು ಯಂತ್ರಕ್ಕೆ ದಾಖಲಿಸುವ ಕೆಲಸ ಅವಳ ಪಾಲಿಗೇ ಬಂತು. ಈ ಸಲ ಅದು ಅಪವಾದವಾಗಲಿಲ್ಲ. ನಾಗಭೂಷಣ ತಾವೇ ಬಂದು ನಿಂತು, "ಇದನ್ನು ವರ್ಷದ ಕೊನೆಗೆ ಕಾಯದೆ ಈಗಲೇ ಪಾಠದಲ್ಲಿ ಸೇರಿಸಿ. ನಿಜವಾದ ಜ್ಯೂರಿ, ಹನ್ನೆರಡಕ್ಕೆ ಹನ್ನೆರಡು. ಇದಕ್ಕಿಂತ ಒಳ್ಳೆಯ ಸಾಕ್ಷಿ ನಮಗೆ ಸಿಕ್ಕಿರಲಿಲ್ಲ" ಎಂದರು. ಅವಳನ್ನು ನೋಯಿಸಲು ಹೇಳಿದ್ದಲ್ಲ. ತೀರ್ಪಿನ ಪ್ರತಿಗಳನ್ನು ಹಿಡಿದು ಅವರು ಹೋದ ಮೇಲೆ ಅವಳು ಈರಬಸಪ್ಪ ಸುಣಗಾರ ಎಂಬ ಹೆಸರನ್ನು ಟೈಪು ಮಾಡಿ, ಮುಂದಿನ ಚೌಕದಲ್ಲಿ ಗುರುತು ಹಾಕಿದಳು.

ಶೇಖವ್ವನನ್ನು ಒಂದು ಸಲ ನೋಡಲು ಹೋದಳು. ಬಾಗಿಲಲ್ಲೇ ನಿಂತು ಮಾತಾಡಿದರು. ಚಂಪಾ ಕಾಲೇಜಿಗೆ ಸೇರಿರಲಿಲ್ಲ. ಔಷಧಿ ಅಂಗಡಿಯಲ್ಲಿ ಕೆಲಸಕ್ಕೆ ಹೋಗುತ್ತಿದ್ದಳು.

"ಹದಿನಾರು ತಿಂಗಳಿತ್ತರೀ ಅಕ್ಕಾರ," ಎಂದಳು ಶೇಖವ್ವ. "ನೀವು ಬರದಿದ್ರ ಸಹಿ ಮಾಡ್ತಿದ್ರು."

"ನಂದು ತಪ್ಪಾತು," ಎಂದಳು ಪ್ರಫುಲ್ಲಾ.

"ಅವರು ಹಂಗ ಅನ್ನೂದಿಲ್ಲ. ಭೆಟ್ಟಿಗೆ ಹೋದಾಗೆಲ್ಲ, ಪ್ರಫುಲ್ಲಾ ಅಕ್ಕಾರು ನನ್ನ ಮಾತು ನಂಬಿದ್ರು, ಅವರೊಬ್ಬರಽ ನಂಬಿದ್ರು ಅಂತಾರ. ನನಗ ಸಿಟ್ಟ ಬರ್ತೈತಿ. ಏನ ಮಾಡ್ಲಿ?" ಅವಳು ಬಾಗಿಲು ಹಾಕಿಕೊಂಡಳು, ಮೆಲ್ಲಗೆ.

ಅಕ್ಟೋಬರಿನಲ್ಲಿ ಒಬ್ಬ ಹೆಂಗಸು ಹನ್ನೊಂದನೆಯ ಕೋಣೆಗೆ ಬಂದಳು. ಅಂಗನವಾಡಿಯಲ್ಲಿ ಅಡುಗೆ ಮಾಡುವವಳು. ಕೆಟ್ಟ ಊಟದಿಂದ ಮಕ್ಕಳು ಆಸ್ಪತ್ರೆ ಸೇರಿದ ಮೊಕದ್ದಮೆ. ಯಂತ್ರ ತೊಂಬತ್ತಾರು ತೋರಿಸಿತು. ಈರಬಸಪ್ಪನ ಜ್ಯೂರಿಯ ತೀರ್ಪು ಪಾಠಕ್ಕೆ ಸೇರಿದ ಮೇಲೆ ಅಂಕಿಗಳು ಎಲ್ಲರಿಗೂ ಏರಿದ್ದವು.

"ಅಕ್ಕಾ, ನಾ ಏನೂ ಮಾಡಿಲ್ಲ," ಎಂದಳು ಆಕೆ ಮೇಜಿನ ಅಂಚು ಹಿಡಿದು. "ಅಕ್ಕಿ ಚೀಲಾನ ಹಂಗ ಬಂದಿತ್ತು, ಹುಳಾ ಬಿದ್ದು. ನಾ ಅವತ್ತ ಹೇಳೂ ಹೇಳಿದ್ನಿ. ಆ ಹನ್ನೆರಡು ಮಂದಿ ಮುಂದ ನಿಂತು ಹೇಳಾಕ ಬರ್ತೈತಂತಲ್ಲ? ಹೋಗ್ಲೇನು?"

ವಕೀಲ ತನ್ನ ಕಡತದಿಂದ ತಲೆಯೆತ್ತಿದ. ಪ್ರಫುಲ್ಲಾ ಆ ಹೆಂಗಸಿನ ಮುಖ ನೋಡಿದಳು. ಏನಾಯಿತು ಎಂದು ಕೇಳಬೇಕೆನಿಸಿತು. ಕೇಳಿದರೆ ನಂಬುತ್ತೇನೆ ಎಂದು ಗೊತ್ತಿತ್ತು.

"ಬ್ಯಾಡ," ಎಂದಳು. ಮುಚ್ಚಳ ತೆಗೆದ ಪೆನ್ನನ್ನು ರಾಜಿಪತ್ರದ ಮೇಲಿಟ್ಟು ಅವಳ ಕಡೆ ಸರಿಸಿದಳು. "ಸಹಿ ಮಾಡ್ರಿ."